ಎರಡು ಹುಲ್ಲುಬುಡದ ನಡುವಿನ ಬಯಲು

ಒಂದು ಹುಲ್ಲಿನ ಬೀಜದಿಂದ ಶುರುಮಾಡೋಣ. ದೀಪಾವಳಿ ಕಳೆದ ಮೇಲೆ ಚಳ್ಳಕೆರೆ ಕಡೆಯ ಕಾವಲುಗಳಲ್ಲಿ, ಅಂದರೆ ದನ ಕುರಿ ಮೇಯುವ ಹುಲ್ಲುಗಾವಲುಗಳಲ್ಲಿ, ಓಡಾಡಿದವರಿಗೆ ಈ ಬೀಜ ಚೆನ್ನಾಗಿ ಗೊತ್ತು. ಪಂಚೆ, ಪ್ಯಾಂಟು, ಸಾಕ್ಸು ಎಲ್ಲಕ್ಕೂ ಚುಚ್ಚಿಕೊಂಡು ಮನೆವರೆಗೂ ಬರುತ್ತದೆ. ಕುರಿಯ ಉಣ್ಣೆಗೆ ಹತ್ತಿದರೆ ಚರ್ಮದವರೆಗೂ ಇಳಿಯುತ್ತದೆ. ಹುಲ್ಲಿನ ಶಾಸ್ತ್ರೀಯ ಹೆಸರು ಹೆಟೆರೊಪೋಗನ್ ಕಂಟಾರ್ಟಸ್. ಬೀಜದ ಒಂದು ತುದಿ ಸೂಜಿಯಂತೆ ಚೂಪು. ಹಿಂದುಗಡೆ ಉದ್ದನೆಯ ಕಂದು ಊಬು. ಆ ಊಬು ಹಗ್ಗ ಹೊಸೆದ ಹಾಗೆ ಸುರುಳಿ ಸುತ್ತಿಕೊಂಡಿರುತ್ತದೆ.

ಒಂದು ಬೀಜವನ್ನು ಅಂಗೈ ಮೇಲಿಟ್ಟು ಒಂದು ಹನಿ ನೀರು ಬಿಡಿ. ಸ್ವಲ್ಪ ಹೊತ್ತಿನಲ್ಲೇ ಅದು ಮೆಲ್ಲಗೆ ತಿರುಗತೊಡಗುತ್ತದೆ. ಜೀವ ಬಂದ ಹುಳುವಿನ ಹಾಗೆ. ನೀರು ಕುಡಿದ ಊಬಿನ ಸುರುಳಿ ಬಿಚ್ಚಿಕೊಳ್ಳುತ್ತಿರುತ್ತದೆ, ಅಷ್ಟೇ. ಇದೇ ಆಟ ನೆಲದ ಮೇಲೆ ನಡೆದರೆ ಊಬಿನ ತುದಿ ಪಕ್ಕದ ಹುಲ್ಲಿಗೋ ಕಲ್ಲಿಗೋ ತಾಗಿ ನಿಲ್ಲುತ್ತದೆ. ಆಗ ತಿರುಗುವ ಸರದಿ ಬೀಜದ್ದು. ಒದ್ದೆಯಾದಾಗ ಒಂದು ಕಡೆಗೆ, ಒಣಗಿದಾಗ ಇನ್ನೊಂದು ಕಡೆಗೆ. ಹೀಗೆ ನಾಲ್ಕಾರು ಸಲ ಆದರೆ ಬೈರಿಗೆಯ ಹಾಗೆ ಮಣ್ಣಿಗೆ ಇಳಿದುಬಿಡುತ್ತದೆ.

ಈ ಬೀಜಕ್ಕೆ ಬೇಕಾದದ್ದು ಬರೀ ಮಳೆಯಲ್ಲ ಅನ್ನುವುದನ್ನು ಗಮನಿಸಿ. ಮಳೆ ಬಂದು ನಿಲ್ಲಬೇಕು. ಗಾಳಿ ಬೀಸಿ ಒಣಗಿಸಬೇಕು. ಮತ್ತೆ ಮಳೆ ಬರಬೇಕು. ಎರಡೂ ಸರದಿಯಲ್ಲಿ ಬಂದರೆ ಮಾತ್ರ ಅದು ನೆಲ ಸೇರುತ್ತದೆ. ಒಣ ಹುಲ್ಲುಗಾವಲಿನ ಪೂರಾ ಕಥೆ ಈ ಸರದಿಯದ್ದೇ.

ಪೇಪರಿನಲ್ಲಿ ಬರುವ ಸುದ್ದಿ ಬೇರೆ ಥರ ಇರುತ್ತದೆ. ವಾಡಿಕೆ ಮಳೆ ಇಷ್ಟು, ಬಿದ್ದದ್ದು ಇಷ್ಟು, ಕೊರತೆ ಇಷ್ಟು ಪರ್ಸೆಂಟ್. ಹುಲ್ಲಿಗೆ ಈ ಲೆಕ್ಕದಿಂದ ಅಂಥ ಉಪಯೋಗವಿಲ್ಲ. ಅದಕ್ಕಿಂತ ನಮ್ಮ ರೈತರ ಲೆಕ್ಕವೇ ಸರಿ. ತುಂತುರು, ಸೋನೆ, ಜಡಿ, ಅಡ್ಡಮಳೆ ಅಂತ ಮಳೆ ಬಂದ ರೀತಿಗೊಂದು ಹೆಸರು. ರೋಹಿಣಿ, ಆರಿದ್ರ, ಮಖ, ಹುಬ್ಬೆ, ಉತ್ತರೆ ಅಂತ ಬಂದ ಕಾಲಕ್ಕೊಂದು ಹೆಸರು. ಇವೆಲ್ಲಕ್ಕಿಂತ ಮುಖ್ಯವಾದ ಒಂದು ಪದ ಇದೆ: ಹದ. 'ಹದ ಮಳೆ ಆಯ್ತಾ?' ಅಂತ ಕೇಳಿದರೆ ಅದು ಮೋಡದ ಬಗ್ಗೆ ಕೇಳಿದ ಪ್ರಶ್ನೆಯಲ್ಲ. ಮಣ್ಣು ಎಷ್ಟು ಆಳ ನೆನೆದಿದೆ, ಬಿತ್ತಿದರೆ ಮೊಳಕೆ ನಿಲ್ಲುತ್ತದಾ ಅನ್ನುವ ಪ್ರಶ್ನೆ. ಒಣಭೂಮಿಯ ಸಸ್ಯಶಾಸ್ತ್ರ ಶುರುವಾಗುವುದೂ ಇದೇ ಪ್ರಶ್ನೆಯಿಂದ.

ಸಣ್ಣ ಲೆಕ್ಕ ಮಾಡೋಣ. ಮರಳು ಬೆರೆತ ಕೆಂಪು ಮಸಾರಿ ಮಣ್ಣು ತನ್ನ ಗಾತ್ರದ ಹತ್ತನೇ ಒಂದು ಪಾಲು ನೀರು ಹಿಡಿಯುತ್ತದೆ ಅಂದುಕೊಳ್ಳಿ. 10 ಮಿ.ಮೀ. ಮಳೆ ಬಿದ್ದರೆ ಆ ಮಣ್ಣು 10 ಸೆಂ.ಮೀ. ಆಳದವರೆಗೆ ನೆನೆಯುತ್ತದೆ. ಎರೆ ಮಣ್ಣು ಅದರ ಮೂರರಷ್ಟು ನೀರು ಹಿಡಿಯುತ್ತದೆ ಅಂದುಕೊಂಡರೆ, ಅದೇ ಮಳೆ ಮೂರು ಸೆಂ.ಮೀ. ಚಿಲ್ಲರೆಯಲ್ಲೇ ಖರ್ಚಾಗಿಹೋಯಿತು. ಮೇಲಿನ ಆ ಮೂರ್ನಾಲ್ಕು ಸೆಂ.ಮೀ. ನೀರು ಗಿಡದ ಪಾಲಿಗೆ ಇಲ್ಲವೆಂದೇ ತಿಳಿಯಬೇಕು. ಬಿಸಿಲು ಮತ್ತು ಗಾಳಿ ಎರಡು ಮೂರು ದಿನದಲ್ಲಿ ಅದನ್ನು ಹೀರಿಬಿಡುತ್ತವೆ.

ಹಾಗಾಗಿ ಮಳೆ ತೀರಾ ಕಡಿಮೆ ಇರುವ ಕಡೆ ಮರಳು ಮಣ್ಣಿನಲ್ಲೇ ಹುಲ್ಲು ಚೆನ್ನಾಗಿ ಬರುತ್ತದೆ. ಮಳೆ ಜಾಸ್ತಿ ಇರುವ ಕಡೆ ಲೆಕ್ಕ ತಿರುಗುತ್ತದೆ. ಅಲ್ಲಿ ನೀರನ್ನು ಕೂಡಿಟ್ಟುಕೊಳ್ಳುವ ಎರೆ ಭೂಮಿಯೇ ಗೆಲ್ಲುತ್ತದೆ. ಹಿಂಗಾರಿ ಜೋಳ ಬೆಳೆಯುವವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಇಸ್ರೇಲಿನ ಪರಿಸರ ವಿಜ್ಞಾನಿ ಇಮ್ಮಾನ್ಯುಯೆಲ್ ನೋಯ್-ಮೈರ್ 1973ರಲ್ಲಿ ಈ ಮಾತನ್ನು ಸಿದ್ಧಾಂತದ ರೂಪದಲ್ಲಿ ಇಟ್ಟರು. ಲೆಕ್ಕ ತಿರುಗುವ ಗೆರೆ ವರ್ಷಕ್ಕೆ ಸುಮಾರು 300ರಿಂದ 500 ಮಿ.ಮೀ. ಮಳೆಯ ನಡುವೆ ಎಲ್ಲೋ ಇದೆ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ಆ ಗೆರೆಯ ಹತ್ತಿರವೇ ಕೂತಿದೆ. ಗೆರೆಯ ಹತ್ತಿರ ಇರುವ ನೆಲದಲ್ಲಿ ಮಳೆಯ ರೀತಿ ಸ್ವಲ್ಪ ಬದಲಾದರೂ ಯಾವ ಗಿಡ ಗೆಲ್ಲುತ್ತದೆ ಅನ್ನುವುದು ಬದಲಾಗುತ್ತದೆ.

ಈಗ ನೆಲದೊಳಗೆ ಹೋಗೋಣ. ಹುಲ್ಲಿನ ಬೇರು ಬಹುಪಾಲು ಮೇಲಿನ ಒಂದು ಒಂದೂವರೆ ಅಡಿಯಲ್ಲೇ ಹರಡಿರುತ್ತದೆ. ಚಾಪೆ ಹಾಸಿದ ಹಾಗೆ ದಟ್ಟವಾಗಿ. ಬಂದ ನೀರನ್ನು ಬೇಗ ಹೀರುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಜಾಲಿಯಂಥ ಪೊದೆಗಳ ದಾರಿ ಬೇರೆ. ಅವು ಮೇಲೂ ಬೇರು ಚಾಚುತ್ತವೆ, ಆಳಕ್ಕೂ ಇಳಿಸುತ್ತವೆ. ಅಮೆರಿಕದ ಅರಿಜೋನಾದಲ್ಲಿ ಗಣಿ ತೋಡುವಾಗ ಜಾಲಿಯ ಜಾತಿಯ ಮೆಸ್ಕೀಟ್ ಮರದ ಬೇರು 50 ಮೀಟರಿಗೂ ಜಾಸ್ತಿ ಆಳದಲ್ಲಿ ಸಿಕ್ಕಿತ್ತು. ನಮ್ಮ ಕಾವಲಿನ ಯಾವ ಹುಲ್ಲಿಗೂ ಅಲ್ಲಿನ ನೀರಿನ ಸುದ್ದಿಯೇ ಮುಟ್ಟುವುದಿಲ್ಲ.

ಹಾಗಾದರೆ ಸಣ್ಣ ಸಣ್ಣ ಮಳೆ ಪದೇ ಪದೇ ಬಂದರೆ ಹುಲ್ಲಿಗೆ ಲಾಭ. ಅಪರೂಪಕ್ಕೊಮ್ಮೆ ದೊಡ್ಡ ಮಳೆ ಬಂದು ನೀರು ಆಳಕ್ಕಿಳಿದರೆ ಪೊದೆಗೆ ಲಾಭ. ಜರ್ಮನಿಯ ಹೈನ್ರಿಖ್ ವಾಲ್ಟರ್ ಹೇಳಿದ 'ಎರಡು ಪದರ'ದ ವಿಚಾರದ ಸಾರ ಇದು. ನಿಜಸ್ಥಿತಿ ಇಷ್ಟು ಸರಳ ಇರುವುದಿಲ್ಲ. ಪೊದೆ ಸಸಿಯಾಗಿದ್ದಾಗ ಅದರ ಬೇರೂ ಮೇಲೇ ಇರುತ್ತದಲ್ವಾ? ಆಗ ಅದು ಹುಲ್ಲಿನ ಜೊತೆ ನೇರ ಪೈಪೋಟಿಗೆ ಇಳಿಯಲೇಬೇಕು. ಹುಲ್ಲು ದಟ್ಟವಾಗಿದ್ದರೆ ಆ ಪೈಪೋಟಿಯಲ್ಲಿ ಸಸಿ ಸೋಲುವುದೇ ಹೆಚ್ಚು.

ಇದನ್ನು ನೂರು ವರ್ಷಕ್ಕೂ ಮೇಲೆ ಕೂತು ಅಳೆದ ಒಂದು ಜಾಗ ಇದೆ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ, ಲಾಸ್ ಕ್ರೂಸಸ್ ಊರಿನ ಹತ್ತಿರ. ಹೆಸರು ಹೊರ್ನಾಡಾ. ನಮ್ಮ ಹೊರನಾಡಿನ ಹಾಗೇ ಕೇಳುತ್ತದೆ. ಆದರೆ ಅಲ್ಲಿ ಬೀಳುವುದು ವರ್ಷಕ್ಕೆ ಸುಮಾರು 250 ಮಿ.ಮೀ. ಮಳೆ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಜುಲೈನಿಂದ ಸೆಪ್ಟೆಂಬರ್ ಒಳಗೆ. 1912ರಲ್ಲಿ ಅಲ್ಲಿ ಹುಲ್ಲುಗಾವಲಿನ ಸಂಶೋಧನಾ ಕ್ಷೇತ್ರ ಶುರುವಾಯಿತು.

ಅದಕ್ಕೂ ಹಿಂದೆ, 1858ರಲ್ಲಿ, ಸರ್ಕಾರಿ ಸರ್ವೆಯವರು ಆ ಬಯಲನ್ನು ಅಳೆಯುತ್ತ ಹೋಗಿದ್ದರು. ಸರಪಳಿ ಎಳೆದ ದಾರಿಯಲ್ಲಿ ಎಲ್ಲಿ ಹುಲ್ಲಿದೆ, ಎಲ್ಲಿ ಪೊದೆ ಇದೆ ಅಂತ ಬರೆದಿಟ್ಟಿದ್ದರು. ಅವರ ಟಿಪ್ಪಣಿಯನ್ನು 1963ರ ಸ್ಥಿತಿಯ ಜೊತೆ ಹೋಲಿಸಿ ನೋಡಿದಾಗ ಸಿಕ್ಕ ಚಿತ್ರ ಎದೆ ಝಲ್ಲೆನಿಸುವಂಥದ್ದು. ಸುಮಾರು 58,500 ಹೆಕ್ಟೇರಿನಲ್ಲಿ 1858ರಲ್ಲಿ ಶೇ. 90ಕ್ಕೂ ಹೆಚ್ಚು ಜಾಗ ಒಳ್ಳೆಯ ಹುಲ್ಲಿನಿಂದ ಕೂಡಿತ್ತು. 1963ಕ್ಕೆ ಅದು ಶೇ. 25ಕ್ಕಿಂತ ಕೆಳಗೆ ಇಳಿದಿತ್ತು. ಹುಲ್ಲು ಹೋದ ಕಡೆ ಬಂದದ್ದು ಮೆಸ್ಕೀಟ್. ಪೊದೆಯ ಸುತ್ತ ಮರಳು ಗುಡ್ಡೆ, ಗುಡ್ಡೆಗಳ ನಡುವೆ ಬೋಳು ನೆಲ.

ಈ ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಒಂದೇ ಕುಲದ ಎರಡು ಜಾತಿಗಳು. ಎರಡರ ಕಾಯಿಯೂ ಸಿಹಿ. ದನ, ಕುರಿ, ಮೇಕೆ ಇಷ್ಟಪಟ್ಟು ತಿಂದು, ಹೋದಲ್ಲೆಲ್ಲ ಸಗಣಿ, ಹಿಕ್ಕೆಯಲ್ಲಿ ಬೀಜ ಹಾಕುತ್ತವೆ. ಅಲ್ಲಿ ಮೆಸ್ಕೀಟ್ ಹೊರಗಿನಿಂದ ಬಂದದ್ದಲ್ಲ, ಅಲ್ಲೇ ಇದ್ದದ್ದು. ಇಲ್ಲಿ ಬಳ್ಳಾರಿ ಜಾಲಿ ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕ ಖಂಡದ ಕಡೆಯಿಂದ ಬಂದು ನಮ್ಮ ಊರಿನ ಹೆಸರನ್ನೇ ಹೊತ್ತುಕೊಂಡಿತು. ಹೊರ್ನಾಡಾದಲ್ಲಿ ಆದದ್ದನ್ನು ನಾವು ಗಮನವಿಟ್ಟು ನೋಡಬೇಕಾದ ಕಾರಣಗಳಲ್ಲಿ ಇದೂ ಒಂದು.

ಅಲ್ಲಿನ ಹುಲ್ಲು ಹಾಳಾಗಲು ಮಳೆಯೊಂದೇ ಕಾರಣವಲ್ಲ. ಮಿತಿಮೀರಿ ದನ ಮೇಯಿಸಿದರು. 1951ರಿಂದ 1956ರವರೆಗೆ ಭೀಕರ ಬರ ಬಂತು. ಬ್ಲ್ಯಾಕ್ ಗ್ರಾಮ ಅನ್ನುವ ಅಲ್ಲಿನ ಮುಖ್ಯ ಹುಲ್ಲು ಬಹಳಷ್ಟು ಸತ್ತುಹೋಯಿತು. ಈ ಹುಲ್ಲು ಬೀಜದಿಂದ ಹುಟ್ಟುವುದು ಅಪರೂಪ. ಗರಿಕೆಯ ಹಾಗೆ ನೆಲದ ಮೇಲೆ ಬಳ್ಳಿ ಓಡಿಸಿ, ಅಲ್ಲಲ್ಲಿ ಬೇರು ಬಿಟ್ಟು ಹರಡುತ್ತದೆ. ಒಂದು ಸಲ ಬುಡ ಸತ್ತರೆ ಮತ್ತೆ ಆ ಜಾಗಕ್ಕೆ ಬರಲು ಎಷ್ಟೋ ವರ್ಷ ಬೇಕು.

ಹಾಗಾದರೆ ಮಳೆಯ ಪಾತ್ರ ಎಷ್ಟು? ಅದನ್ನು ಬಿಡಿಸಿ ನೋಡಲು ಲಾರಿಯಾನೊ ಗೆರಾರ್ಡಿ ಮತ್ತು ಓಸ್ವಾಲ್ಡೊ ಸಾಲಾ ಅಲ್ಲಿ ಒಂದು ಪ್ರಯೋಗ ಮಾಡಿದರು. ಹುಲ್ಲಿನ ತುಣುಕುಗಳ ಮೇಲೆ ಪಾರದರ್ಶಕ ದೋಣಿಗಳನ್ನು ಸಾಲಾಗಿ ಕಟ್ಟಿದರು, ಮಾಳಿಗೆ ನೀರು ಹರಿಯಲು ಇಡುತ್ತಾರಲ್ಲ, ಹಾಗೆ. ಮಳೆಯ ಒಂದು ಪಾಲು ದೋಣಿಗೆ ಬಿದ್ದು ತೊಟ್ಟಿಗೆ ಹೋಗುತ್ತದೆ. ಆ ನೀರನ್ನು ಪಂಪಿನಿಂದ ಬೇರೆ ತುಣುಕಿಗೆ ಬಿಡುತ್ತಾರೆ. ಒಂದು ವರ್ಷ ಬರ, ಮರುವರ್ಷ ಸಮೃದ್ಧಿ, ಮತ್ತೆ ಬರ. ಆರು ವರ್ಷ ಹೀಗೇ ನಡೆಸಿದರು. ಸರಾಸರಿ ಮಾತ್ರ ಬದಲಾಗದಂತೆ ನೋಡಿಕೊಂಡರು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಸರಾಸರಿ ಮಳೆ ಅಷ್ಟೇ ಇದ್ದರೂ ಏರಿಳಿತ ಜಾಸ್ತಿ ಆದ ಕಡೆ ಹುಲ್ಲಿನ ಬೆಳವಣಿಗೆ ಕುಗ್ಗಿತ್ತು, ಪೊದೆಯದ್ದು ಹಿಗ್ಗಿತ್ತು. ಬರದ ವರ್ಷ ಕಳೆದುಕೊಂಡ ಬುಡವನ್ನು ಒಳ್ಳೆಯ ವರ್ಷದಲ್ಲಿ ಹುಲ್ಲು ಪೂರ್ತಿ ಮರಳಿ ಕಟ್ಟಿಕೊಳ್ಳಲಾರದು. ಪೊದೆಗೆ ಒಳ್ಳೆಯ ವರ್ಷದಲ್ಲಿ ಆಳಕ್ಕಿಳಿದ ನೀರು ಗಂಟಾಗಿ ಉಳಿಯುತ್ತದೆ.

ಒಂದೇ ವರ್ಷದೊಳಗಿನ ಮಳೆಯ ಗಾತ್ರ ಬದಲಾದರೆ? ಇಲ್ಲಿ ಉತ್ತರ ಊರಿಗೊಂದು ಥರ. ಕಾನ್ಸಾಸ್ ರಾಜ್ಯದ ಕೊಂಜಾ ಅನ್ನುವ ಎತ್ತರ ಹುಲ್ಲಿನ ಬಯಲಿನಲ್ಲಿ ಮಳೆ ನಮ್ಮ ಬೆಂಗಳೂರಿಗೆ ಹತ್ತಿರ ಅನ್ನಬಹುದಾದಷ್ಟು ಬೀಳುತ್ತದೆ. ಅಲ್ಲಿ ಅಷ್ಟೇ ಮಳೆಯನ್ನು ದೂರ ದೂರದ ದೊಡ್ಡ ಮಳೆಗಳಾಗಿ ಕೊಟ್ಟಾಗ ಹುಲ್ಲಿನ ಬೆಳವಣಿಗೆ ಕಡಿಮೆಯಾಯಿತು. 2002ರಲ್ಲಿ ಬಂದ ಈ ಫಲಿತಾಂಶ ತುಂಬಾ ಹೆಸರುವಾಸಿ. ಆದರೆ ಅದಕ್ಕಿಂತ ಒಣಗಿದ ಗಿಡ್ಡ ಹುಲ್ಲಿನ ಬಯಲಿನಲ್ಲಿ ಹೀಗೇ ಮಾಡಿದಾಗ ಬೆಳವಣಿಗೆ ಜಾಸ್ತಿಯಾಯಿತು. ಮೊದಲಿನ ಮಣ್ಣಿನ ಲೆಕ್ಕ ನೆನಪಿಸಿಕೊಳ್ಳಿ. ತೇವ ಇರುವ ಕಡೆ ಎರಡು ಮಳೆಯ ನಡುವಿನ ಅಂತರವೇ ಕಷ್ಟ. ಒಣ ಕಡೆ ತುಂತುರು ಸುಮ್ನೆ ಆವಿಯಾಗಿ ಹೋಗುತ್ತದೆ, ದೊಡ್ಡ ಮಳೆಯಾದರೆ ಒಂದಿಷ್ಟು ಬೇರಿನವರೆಗೆ ಇಳಿಯುತ್ತದೆ. ಹಾಗಾಗಿ 'ಜೋರು ಮಳೆ ಕೆಟ್ಟದ್ದು' ಅಂತ ಎಲ್ಲ ಕಡೆಗೂ ಹೇಳಲು ಬರುವುದಿಲ್ಲ. ಒಂದು ಷರತ್ತಂತೂ ಇದ್ದೇ ಇದೆ. ಬಿದ್ದ ನೀರು ನಿಂತು ಇಂಗಬೇಕು. ನೆಲ ಬೋಳಾಗಿದ್ದರೆ ಹನಿಗಳ ಹೊಡೆತಕ್ಕೆ ಮೇಲ್ಮಣ್ಣು ಗಟ್ಟಿಯಾಗಿ, ನೀರು ಇಂಗದೆ ಹರಿದುಹೋಗುತ್ತದೆ.

ಬೋಳು ನೆಲ ಅಂದ ತಕ್ಷಣ ಗಾಳಿಯ ಮಾತು ಬಂತು.

ಗಾಳಿ ಮಣ್ಣು ಎತ್ತಿಕೊಂಡು ಹೋಗುತ್ತದೆ ಅನ್ನುತ್ತೇವೆ. ಹೇಗೆ ಅಂತ ನೋಡಬೇಕಾದರೆ ಗಾಳಿ ಜೋರಾದ ದಿನ ನೆಲದ ಹತ್ತಿರ ಮುಖ ತಂದು ಕೂರಬೇಕು. ಅತಿ ಸಣ್ಣ ಧೂಳಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಸುಲಭಕ್ಕೆ ಏಳುವುದಿಲ್ಲ. ಮೊದಲು ಹೊರಡುವುದು ಸಣ್ಣ ಮರಳಿನ ಕಾಳು. ಅದು ಎಗರುತ್ತದೆ, ಒಂದಿಷ್ಟು ದೂರ ಹೋಗಿ ಬೀಳುತ್ತದೆ, ಬಿದ್ದ ಏಟಿಗೆ ಇನ್ನೂ ನಾಲ್ಕು ಕಾಳನ್ನು ಎಬ್ಬಿಸುತ್ತದೆ. ಧೂಳೂ ಆಗಲೇ ಕಿತ್ತು ಮೇಲೆ ಹೋಗುವುದು. ಗೋಲಿ ಆಟದಲ್ಲಿ ಒಂದು ಗೋಲಿ ಗುಂಪಿಗೆ ಬಡಿದ ಹಾಗೆ. ರಾಲ್ಫ್ ಬ್ಯಾಗ್ನಾಲ್ಡ್ ಅನ್ನುವ ಇಂಗ್ಲಿಷ್ ಸೇನಾಧಿಕಾರಿ ಲಿಬಿಯಾದ ಮರುಭೂಮಿಯಲ್ಲಿ ಅಲೆದು, ಇದನ್ನು ಅಳೆದು, 1941ರಲ್ಲಿ ಪುಸ್ತಕ ಬರೆದರು. ಒಂದು ಮಿತಿ ದಾಟಿದ ಮೇಲೆ ಗಾಳಿಯ ವೇಗ ಎರಡರಷ್ಟಾದರೆ ಸಾಗುವ ಮರಳು ಹೆಚ್ಚುಕಮ್ಮಿ ಎಂಟರಷ್ಟಾಗುತ್ತದೆ. ಅದಕ್ಕೇ ವರ್ಷದ ಮುನ್ನೂರು ದಿನದ ಮೆಲುಗಾಳಿಗಿಂತ ನಾಲ್ಕು ದಿನದ ಬಿರುಗಾಳಿ ಹೆಚ್ಚು ಹಾಳು ಮಾಡುತ್ತದೆ.

ಕಣದಲ್ಲಿ ರಾಗಿ ತೂರುವುದನ್ನು ನೋಡಿದ್ದೀರಲ್ಲ. ಹೊಟ್ಟು ಹಾರುತ್ತದೆ, ಕಾಳು ಕಾಲ ಬಳಿ ಉಳಿಯುತ್ತದೆ. ಬೋಳು ನೆಲದಲ್ಲಿ ಗಾಳಿ ಮಾಡುವುದೂ ತೂರುವ ಕೆಲಸವೇ. ಆದರೆ ಇಲ್ಲಿ ಲೆಕ್ಕ ಉಲ್ಟಾ. ಸಾರಜನಕ, ಸಾವಯವ ಇಂಗಾಲ, ತೇವ ಹಿಡಿಯುವ ಶಕ್ತಿ ಎಲ್ಲ ಇರುವುದು ನುಣುಪಾದ ಮಣ್ಣಿನಲ್ಲಿ. ಹಾರಿಹೋಗುವುದೂ ಅದೇ. ಉಳಿಯುವುದು ದಪ್ಪ ಮರಳು. ಹೊರ್ನಾಡಾದಲ್ಲಿ ಬೇಕೆಂದೇ ಹುಲ್ಲು ತೆಗೆದು ನೋಡಿದ ಪ್ರಯೋಗ ಇದೆ. ಮೂರೇ ಮೂರು ಗಾಳಿಗಾಲ ಕಳೆಯುವಷ್ಟರಲ್ಲಿ ಮೇಲಿನ 5 ಸೆಂ.ಮೀ. ಮಣ್ಣಿನ ಸಾರದಲ್ಲಿ ಕಾಲು ಭಾಗದವರೆಗೂ ಹೋಗಿಬಿಟ್ಟಿತ್ತು. ಒಂದು ಬೆಟ್ಟು ಆಳದ ಮಣ್ಣು ಕಟ್ಟಲು ಪ್ರಕೃತಿಗೆ ಎಷ್ಟು ಕಾಲ ಬೇಕು ಅಂತ ಯೋಚಿಸಿದರೆ ಸಂಕಟವಾಗುತ್ತದೆ.

ಇದನ್ನು ತಡೆಯುವುದು ಹುಲ್ಲಿನ ಬುಡ. ಒಂದು ಬುಡ ತನ್ನ ಎತ್ತರದ ಸುಮಾರು ಹತ್ತರಷ್ಟು ದೂರದವರೆಗೆ ಗಾಳಿಗೆ ಮರೆ ಕೊಡುತ್ತದೆ. ಗೇಣುದ್ದದ ಬುಡವಾದರೆ ಅದರ ಹಿಂದೆ ಎರಡು ಮೀಟರ್. ಮರೆ ಮುಗಿಯುವ ಮೊದಲೇ ಇನ್ನೊಂದು ಬುಡ ಸಿಕ್ಕರೆ ಗಾಳಿಗೆ ನೆಲ ಮುಟ್ಟಲು ಸಿಗುವುದೇ ಇಲ್ಲ. ಬುಡಗಳ ನಡುವೆ ಐದು ಹತ್ತು ಮೀಟರ್ ಬಯಲಾಗಿದ್ದರೆ ಆ ಓಣಿಯಲ್ಲಿ ಗಾಳಿ ಓಟ ಶುರುಮಾಡುತ್ತದೆ.

ಹಾಗಾಗಿ 'ಈ ಕಾವಲಿನಲ್ಲಿ ಶೇ. 40ರಷ್ಟು ನೆಲ ಹಸಿರಿನಿಂದ ಮುಚ್ಚಿದೆ' ಅನ್ನುವ ಮಾತು ಸಾಲದು. ಅದೇ ಶೇ. 40 ಒತ್ತೊತ್ತಾಗಿ ಹರಡಿದ ಸಾವಿರ ಹುಲ್ಲುಬುಡ ಇರಬಹುದು. ಇಲ್ಲಾ, ದೂರ ದೂರ ನಿಂತ ಇಪ್ಪತ್ತು ಜಾಲಿ ಪೊದೆ ಇರಬಹುದು. ಉಪಗ್ರಹದ ಚಿತ್ರದಲ್ಲಿ ಎರಡೂ ಒಂದೇ ಅಂಕಿ ಕೊಡಬಹುದು. ಗಾಳಿಗೆ ಎರಡೂ ಬೇರೆ ಬೇರೆ ಲೋಕ. ಗ್ರೆಗರಿ ಓಕಿನ್ ಅನ್ನುವ ವಿಜ್ಞಾನಿ 2008ರಲ್ಲಿ ಗಾಳಿ ಸವಕಳಿಯ ಲೆಕ್ಕವನ್ನೇ ಈ ನಡುವಿನ ಅಂತರದ ಮೇಲೆ ಕಟ್ಟಿ ತೋರಿಸಿದರು. ನನಗಂತೂ ಇದನ್ನು ತಿಳಿದ ಮೇಲೆ ಹುಲ್ಲುಗಾವಲು ನೋಡುವ ಕಣ್ಣೇ ಬದಲಾಯಿತು. ಈಗ ಕಾವಲಿಗೆ ಹೋದರೆ ಹುಲ್ಲಿಗಿಂತ ಮೊದಲು ಹುಲ್ಲಿನ ನಡುವಿನ ಜಾಗ ನೋಡುತ್ತೇನೆ.

ಓಣಿ ಒಮ್ಮೆ ತೆರೆಯಿತು ಅಂದರೆ ಅದು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಎಗರುವ ಮರಳು ಎಳೆಯ ಸಸಿಯನ್ನು ಉಜ್ಜಿ ಗಾಯ ಮಾಡುತ್ತದೆ. ಹುಲ್ಲಿನ ಬಳ್ಳಿ ಒಂದು ಕಡೆ ಮರಳಿನಲ್ಲಿ ಹೂತುಹೋಗುತ್ತದೆ, ಇನ್ನೊಂದು ಕಡೆ ಬೇರು ಬಿಡಲು ಮಣ್ಣೇ ಸಿಗದೆ ಒಣಗುತ್ತದೆ. ಹಾರಿದ ನುಣುಪು ಮಣ್ಣು, ತರಗು, ಬೀಜ ಎಲ್ಲ ಪೊದೆಯ ಬುಡಕ್ಕೆ ಹೋಗಿ ಸೇರುತ್ತವೆ. ಪೊದೆಯ ಕೆಳಗೆ ಮಣ್ಣು ಕೊಬ್ಬುತ್ತದೆ, ಸುತ್ತಲಿನದು ಬಡವಾಗುತ್ತದೆ. ಮೊದಲು ಇಡೀ ಬಯಲಿಗೆ ತೆಳ್ಳಗೆ ಹರಡಿದ್ದ ಸಾರ ಅಲ್ಲಲ್ಲಿ ದ್ವೀಪವಾಗಿ ನಿಲ್ಲುತ್ತದೆ. ವಿಲಿಯಂ ಶ್ಲೆಸಿಂಜರ್ ಮತ್ತು ಜೊತೆಗಾರರು 1990ರಲ್ಲಿ ಮರುಭೂಮಿ ಹುಟ್ಟುವ ಬಗೆಯನ್ನು ವಿವರಿಸಿದ್ದು ಹೀಗೆ. ಇದಾದ ಮೇಲೆ ಮಳೆ ಮೊದಲಿನಷ್ಟೇ ಬಂದರೂ ಹುಲ್ಲು ತಾನಾಗಿ ಮರಳುವುದು ಕಷ್ಟ.

ಗಾಳಿ ಯಾವ ತಿಂಗಳಲ್ಲಿ ಬರುತ್ತದೆ ಅನ್ನುವುದು ಎಷ್ಟು ಜೋರು ಅನ್ನುವುದರಷ್ಟೇ ಮುಖ್ಯ. ಹೊರ್ನಾಡಾದಲ್ಲಿ ಗಾಳಿಗಾಲ ಮಾರ್ಚ್‌ನಿಂದ ಮೇ. ಮಳೆಗೆ ಮುಂಚೆ. ನಮ್ಮಲ್ಲಿ ಬೇರೆ. ಮೇ ತಿಂಗಳ ಅಡ್ಡಮಳೆಗೆ ಬೀಜ ಮೊಳೆಯುತ್ತದೆ. ಆಮೇಲೆ ಆಷಾಢದ ಗಾಳಿ. ಮಲೆನಾಡಿನಲ್ಲೇ ನೀರೆಲ್ಲ ಸುರಿಸಿ ಬರಿಗೈಯಲ್ಲಿ ಬರುವ ಗಾಳಿ ಅದು. ಚಿತ್ರದುರ್ಗದ ಗುಡ್ಡಗಳಲ್ಲಿ, ಗದಗಿನ ಕಪ್ಪತಗುಡ್ಡದ ಕಡೆ ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲ. ಈ ಸೀಮೆಗೆ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಂದರೆ ಮೇ ತಿಂಗಳಲ್ಲಿ ಮೊಳೆತ ಸಸಿ ಎರಡು ಮೂರು ತಿಂಗಳು ಒಣಗಾಳಿಯನ್ನು ದಾಟಬೇಕು. ನಡುವೆ ಒಂದೆರಡು ಸೋನೆ ಬಂದರೆ ಬದುಕುತ್ತದೆ. ಬರದಿದ್ದರೆ ಸೊರಗಿ ಸಾಯುತ್ತದೆ. ಅದರ ಮೇಲೆ, ಬೇಸಿಗೆಯಿಡೀ ಕುರಿ ಮೇಯ್ದು ಹಳೆಯ ಬುಡಗಳು ನೆಲಮಟ್ಟಕ್ಕೆ ಬಂದಿರುವ ಹೊತ್ತೂ ಅದೇ.

ಇಲ್ಲಿ ಬಹುವಾರ್ಷಿಕ ಹುಲ್ಲಿಗೂ ಒಂದೇ ವರ್ಷದ ಗಿಡಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ. ಮಳೆ ಬಿದ್ದ ಕೂಡಲೇ ನೆಗ್ಗಿಲಿನಂಥವು ಬೋಳು ಜಾಗವನ್ನೆಲ್ಲ ಹಸಿರು ಮಾಡಿಬಿಡುತ್ತವೆ. ನೋಡಲು ಚೆಂದ. ಆದರೆ ಗಾಳಿ ಬರುವಷ್ಟರಲ್ಲಿ ಒಣಗಿ ಪುಡಿಯಾಗಿರುತ್ತವೆ. ಬಹುವಾರ್ಷಿಕ ಹುಲ್ಲಿನ ಬುಡ ಒಣಗಿದರೂ ನಿಂತಿರುತ್ತದೆ. ಗಾಳಿಗೆ ಅಡ್ಡ ನಿಲ್ಲುವುದು ಆ ಒಣಗಿದ ಬುಡವೇ. ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದ ಕಾವಲನ್ನು ನೋಡಿ 'ಪಾಳು ಬಿದ್ದಿದೆ' ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಹಿಂದಿನವರಿಗೆ ಇದರ ಅರಿವು ಇತ್ತು. ಮೈಸೂರು ಅರಸರ ಕಾಲದ ಅಮೃತಮಹಲ್ ಕಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ವಿಂಗಡಿಸಿದ್ದರು. ಕಾಲಕ್ಕೆ ತಕ್ಕಂತೆ ದನ ಜಾಗ ಬದಲಿಸುತ್ತಿದ್ದವು. ಯಾವ ನೆಲಕ್ಕೆ ಯಾವಾಗ ಬಿಡುವು ಬೇಕು ಅನ್ನುವುದು ಆ ವಿಂಗಡಣೆಯಲ್ಲೇ ಅಡಗಿತ್ತು.

ಮುಂದೆ ಏನಾಗಬಹುದು? ಬಿಸಿ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಜಾಸ್ತಿಯಾಗುತ್ತದೆ. ಬಂದಾಗ ಜೋರಾಗಿ ಬರುವುದು, ನಡುವೆ ಕಾಯಿಸುವುದು, ಕಾಯುವ ದಿನಗಳಲ್ಲಿ ಮಣ್ಣನ್ನು ಇನ್ನಷ್ಟು ಬೇಗ ಒಣಗಿಸುವುದು, ಇವೆಲ್ಲ ಇದರ ಜೊತೆಗೇ ಬರುತ್ತವೆ. ಗಾಳಿಯ ವೇಗದ ವಿಷಯ ಅಷ್ಟು ನೇರವಾಗಿಲ್ಲ. 1980ರ ಸುಮಾರಿನಿಂದ ಜಗತ್ತಿನ ನೆಲದ ಮೇಲಿನ ಗಾಳಿ ನಿಧಾನವಾಗುತ್ತ ಬಂದು, 2010ರ ಆಸುಪಾಸಿನಲ್ಲಿ ಮತ್ತೆ ಏರತೊಡಗಿತು. ಆದರೆ ಬುಡಗಳ ನಡುವಿನ ಓಣಿ ಅಗಲವಾಗಿದ್ದರೆ ಮೊದಲಿನ ಗಾಳಿಯೇ ಸಾಕು. ಆಕಾಶದ ಗಾಳಿ ಬದಲಾಗದಿದ್ದರೂ ನೆಲಮಟ್ಟದ ಗಾಳಿ ಬದಲಾಗಿರುತ್ತದೆ.

ಇದೇ ಕಾರಣಕ್ಕೆ ಒಣ ಹುಲ್ಲುಗಾವಲಿನಲ್ಲಿ ಸಾಲಾಗಿ ಗುಂಡಿ ತೋಡಿ ಮರ ನೆಡುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ದೊಡ್ಡ ಭಾಗ ನೀಲಗಿರಿ ತೋಪಾಯಿತು. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಓಡಾಡುತ್ತಿದ್ದ ಬಯಲು ಅದು. ಒಳ್ಳೆಯ ಮನಸ್ಸಿನಿಂದ ನೆಟ್ಟರೂ ಗುಂಡಿ ತೋಡುವಾಗ ಕೀಳುವುದು ಹಳೆಯ ಬುಡವನ್ನು, ತೆರೆಯುವುದು ಓಣಿಯನ್ನು.

ಹೊರ್ನಾಡಾದಿಂದ ಬಂದ ಒಂದು ಸಮಾಧಾನದ ಸುದ್ದಿಯೂ ಇದೆ. 2004ರಿಂದ ಅಲ್ಲಿ ಸಾಲಾಗಿ ಕೆಲವು ವರ್ಷ ಒಳ್ಳೆಯ ಮಳೆಯಾಯಿತು. ಮೆಸ್ಕೀಟ್ ಗುಡ್ಡೆಗಳ ನಡುವೆ ಕೂಡ ಬಹುವಾರ್ಷಿಕ ಹುಲ್ಲು ಕಾಣಿಸಿಕೊಂಡಿತು. ಒಂದು ವರ್ಷದ ಮಳೆಯಿಂದ ಆಗುವ ಕೆಲಸವಲ್ಲ ಇದು. ಮೊದಲ ವರ್ಷ ಬೀಜ ಕಟ್ಟಬೇಕು, ಮುಂದಿನ ವರ್ಷ ಮೊಳೆಯಬೇಕು, ಆಮೇಲೆ ಸಸಿ ಬುಡವಾಗಿ ಹರಡಬೇಕು. ಸಾಲು ಮುರಿಯಬಾರದು.

ಮಳೆ ಕೈಕೊಟ್ಟ ವರ್ಷಗಳಿಗೆಂದು ಅಲ್ಲಿನವರು ಇನ್ನೊಂದು ಸಣ್ಣ ಉಪಾಯವನ್ನೂ ಮಾಡಿದ್ದಾರೆ. ಬೋಳು ಓಣಿಗಳಲ್ಲಿ ಅಲ್ಲಲ್ಲಿ ಮೊಳಕಾಲಿಗೂ ಬಾರದ ತಂತಿಜಾಲರಿಯ ತುಣುಕುಗಳನ್ನು ಅಡ್ಡಡ್ಡ ನಿಲ್ಲಿಸುತ್ತಾರೆ. ಗಾಳಿ ತಡೆದು ನಿಧಾನವಾದಾಗ ಹೊತ್ತು ತಂದ ತರಗು, ಮಣ್ಣು, ಬೀಜ ಅಲ್ಲೇ ಬೀಳುತ್ತವೆ. ಮುಂದಿನ ಹದ ಮಳೆಗೆ ಅಲ್ಲಿ ಮೊಳಕೆ ಏಳುತ್ತದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಒಂದು ಹಳೆಯ ರೊಪ್ಪ. ಚಳ್ಳಕೆರೆ ಕಡೆಯ ಕಾವಲಿನಲ್ಲಿ ಕುರಿಗಾಹಿಗಳು ಕುರಿ ಕೂಡಲು ಜಾಲಿ ಮುಳ್ಳುಕಂಟಿ ಸುತ್ತಿ ಕಟ್ಟಿದ್ದರು. ಮಂದೆ ಮುಂದೆ ಹೋಗಿ ಒಂದೆರಡು ವರ್ಷ ಆಗಿತ್ತು. ಕಂಟಿ ಮುರಿದು ನೆಲಕ್ಕೆ ಒರಗಿತ್ತು. ಸುತ್ತೆಲ್ಲ ಬೋಳು ಮಸಾರಿ. ಕಂಟಿಯ ಪೂರ್ವದ ಬದಿಯಲ್ಲಿ, ಆಷಾಢದ ಗಾಳಿಗೆ ಮರೆಯಾದ ಕಡೆ, ಮೊಳದಗಲದ ನುಣ್ಣನೆ ಮಣ್ಣು ಕೂತಿತ್ತು. ಅದರಲ್ಲಿ ಹಿಕ್ಕೆ, ಒಣ ಎಲೆ. ಬೆರಳಿನಿಂದ ಕೆದಕಿದರೆ ಸುರುಳಿ ಬಿಚ್ಚಿದ ಊಬುಗಳು, ತಲೆಕೆಳಗಾಗಿ ನೆಟ್ಟ ಸೂಜಿಗಳ ಹಾಗೆ. ಏಳೆಂಟು ಕಡೆ ಹಸಿರು ಎಸಳು ಎದ್ದಿದ್ದವು.